ಮಹಮೂದ್ ದರ್ವೀಶ್

ಮಹಮೂದ್ ದರ್ವೀಶ್ (13 ಮಾರ್ಚ್ 1941 – 9 ಆಗಸ್ಟ್ 2008) ಪ್ಯಾಲೆಸ್ಟೀನಿನ ಪ್ರಸಿದ್ಧ ಕವಿ, ಗದ್ಯ ಲೇಖಕ ಮತ್ತು ಪತ್ರಿಕಾ ಸಂಪಾದಕರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಅರಬ್ಬೀ ಕವಿಗಳಲ್ಲಿ ಅತ್ಯಂತ ಹೆಚ್ಚು ಓದುಗರನ್ನೂ ಕೇಳುಗರನ್ನೂ ಪಡೆದವರಲ್ಲಿ ಒಬ್ಬರು. ಅವರನ್ನು ಪ್ಯಾಲೆಸ್ಟೀನಿನ ರಾಷ್ಟ್ರಕವಿ ಎಂದು ಕರೆಯುವುದು ವಾಡಿಕೆ. ಏಳನೆಯ ವಯಸ್ಸಿನಲ್ಲಿ ಹುಟ್ಟೂರನ್ನು ಕಳೆದುಕೊಂಡ ದರ್ವೀಶ್ ಹೈಫಾ, ಮಾಸ್ಕೋ, ಕೈರೋ, ಬೈರೂತ್, ಟ್ಯೂನಿಸ್, ಪ್ಯಾರಿಸ್, ಅಮ್ಮಾನ್ ಮತ್ತು ರಮಲ್ಲಾ ನಗರಗಳಲ್ಲಿ ಬಾಳಿದರು. ತಾಯ್ನೆಲ, ವಲಸೆ, ನೆನಪು, ಪ್ರೇಮ ಮತ್ತು ಮರಣ ಅವರ ಕಾವ್ಯದ ಮುಖ್ಯ ವಸ್ತುಗಳು. ತಮ್ಮ ಜನರ ದನಿಯಾಗಿರುವ ಹೊಣೆಯನ್ನು ಅವರು ಕೊನೆಯವರೆಗೂ ಹೊತ್ತರು. ಆದರೆ ತಮ್ಮ ಕವಿತೆಯನ್ನು ಕವಿತೆಯಾಗಿಯೇ ಓದಬೇಕು, ರಾಜಕೀಯ ಘೋಷಣೆಯಾಗಿ ಅಲ್ಲ ಎಂಬ ಹಟವನ್ನೂ ಬಿಡಲಿಲ್ಲ. ಈ ಎರಡರ ನಡುವಿನ ಎಳೆದಾಟವೇ ಅವರ ಬದುಕು ಮತ್ತು ಬರಹದ ಕೇಂದ್ರದಲ್ಲಿದೆ.

ಜನನ ಮತ್ತು ಬಾಲ್ಯ

ದರ್ವೀಶ್ ಅವರು ಬ್ರಿಟಿಷ್ ಆಡಳಿತದಲ್ಲಿದ್ದ ಪ್ಯಾಲೆಸ್ಟೀನಿನ ಪಶ್ಚಿಮ ಗಲಿಲೀ ಪ್ರದೇಶದ ಅಲ್-ಬಿರ್ವಾ ಎಂಬ ಹಳ್ಳಿಯಲ್ಲಿ ಜನಿಸಿದರು. ಇದು ಮೆಡಿಟರೇನಿಯನ್ ಸಮುದ್ರತೀರದ ಪುರಾತನ ಪಟ್ಟಣವಾದ ಅಕ್ಕಾದಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿತ್ತು. ತಂದೆ ಸಲೀಂ, ತಾಯಿ ಹೂರಿಯಾ. ಕುಟುಂಬಕ್ಕೆ ಸ್ವಂತ ಜಮೀನಿದ್ದು, ವ್ಯವಸಾಯವೇ ಜೀವನಾಧಾರವಾಗಿತ್ತು. ತಾಯಿಗೆ ಓದುಬರಹ ತಿಳಿದಿರಲಿಲ್ಲ. ಬಾಲಕನಿಗೆ ಅಕ್ಷರ ಕಲಿಸಿದವರು ಅಜ್ಜ.

1947ರ ನವೆಂಬರಿನಲ್ಲಿ ವಿಶ್ವಸಂಸ್ಥೆಯು ಪ್ಯಾಲೆಸ್ಟೀನನ್ನು ಯಹೂದಿ ಮತ್ತು ಅರಬ್ ರಾಜ್ಯಗಳಾಗಿ ವಿಭಜಿಸುವ ನಿರ್ಣಯವನ್ನು ಅಂಗೀಕರಿಸಿತು. 1948ರ ಮೇ 14ರಂದು ಇಸ್ರೇಲ್ ರಾಷ್ಟ್ರದ ಸ್ಥಾಪನೆಯ ಘೋಷಣೆಯಾಯಿತು. ಆ ಅವಧಿಯ ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆಮಠ ತೊರೆದು ನಿರಾಶ್ರಿತರಾದರು. ಪ್ಯಾಲೆಸ್ಟೀನಿಯರು ಈ ಘಟನೆಯನ್ನು ನಕ್ಬಾ, ಅಂದರೆ ಮಹಾವಿಪತ್ತು ಎಂದು ಕರೆಯುತ್ತಾರೆ. 1948ರ ಜೂನ್ ತಿಂಗಳಲ್ಲಿ ಅಲ್-ಬಿರ್ವಾ ಇಸ್ರೇಲಿ ಪಡೆಗಳ ವಶವಾಯಿತು. ದರ್ವೀಶ್ ಕುಟುಂಬವು ರಾತ್ರಿಯ ವೇಳೆ ಊರು ಬಿಟ್ಟು ಲೆಬನಾನ್ ಸೇರಿತು. ಅಲ್ಲಿ ಮೊದಲು ಜೆಝೀನ್‌ನಲ್ಲಿ, ಅನಂತರ ಕಡಲತೀರದ ದಾಮೂರ್‌ನಲ್ಲಿ ನಿರಾಶ್ರಿತರಾಗಿ ದಿನ ಕಳೆಯಿತು. ಯುದ್ಧ ಮುಗಿದ ಕೂಡಲೇ ಊರಿಗೆ ಮರಳಬಹುದೆಂದು ಹಿರಿಯರು ನಂಬಿದ್ದರು.

ಸುಮಾರು ಒಂದು ವರ್ಷದ ಬಳಿಕ ಕುಟುಂಬವು ಗುಟ್ಟಾಗಿ ಗಡಿ ದಾಟಿ ಮರಳಿ ಬಂದಿತು. ಅಷ್ಟರಲ್ಲಿ ಅಲ್-ಬಿರ್ವಾ ನೆಲಸಮವಾಗಿತ್ತು. ಹಳ್ಳಿಯ ಜಮೀನಿನಲ್ಲಿ ಯಸೂರ್ ಎಂಬ ಕಿಬ್ಬುತ್ಸ್ ತಲೆಯೆತ್ತಿತ್ತು. ಮುಂದೆ ಅದೇ ನೆಲದಲ್ಲಿ ಅಹಿಹೂದ್ ಎಂಬ ಇನ್ನೊಂದು ಯಹೂದಿ ವಸತಿಯೂ ಬಂದಿತು. ಹಿಂತಿರುಗಲು ಊರೇ ಇಲ್ಲದ ಕಾರಣ ಕುಟುಂಬವು ಸಮೀಪದ ದೈರ್ ಅಲ್-ಅಸದ್ ಗ್ರಾಮದಲ್ಲಿ, ಅನಂತರ ಅಲ್-ಜದೀದಾದಲ್ಲಿ ನೆಲೆಸಿತು. ಜಮೀನು ಕಳೆದುಕೊಂಡ ತಂದೆ ಕಲ್ಲುಗಣಿಯಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿದರು.

ಹಾಜರಿದ್ದೂ ಗೈರುಹಾಜರಾದವರು

ಹೊಸ ರಾಷ್ಟ್ರದ ಮೊದಲ ಜನಗಣತಿ 1948ರ ನವೆಂಬರಿನಲ್ಲಿ ನಡೆದಾಗ ದರ್ವೀಶ್ ಕುಟುಂಬ ಲೆಬನಾನಿನಲ್ಲಿತ್ತು. ಆದ್ದರಿಂದ ಅವರ ಹೆಸರುಗಳು ದಾಖಲೆಗೆ ಸೇರಲಿಲ್ಲ. ಯುದ್ಧಕಾಲದಲ್ಲಿ ಸ್ವಂತ ಸ್ಥಳದಲ್ಲಿ ಇರದವರ ಆಸ್ತಿಯನ್ನು ಸರ್ಕಾರದ ಪಾಲಕರಿಗೆ ಒಪ್ಪಿಸುವ ಕಾನೂನು 1950ರಲ್ಲಿ ಜಾರಿಗೆ ಬಂದಿತು. ಈ ಕಾನೂನಿನ ಪ್ರಕಾರ, ದೇಶದೊಳಗೇ ವಾಸಿಸುತ್ತಿದ್ದರೂ ಯುದ್ಧದ ಸಮಯದಲ್ಲಿ ತಮ್ಮ ಊರಿನಲ್ಲಿ ಇರದಿದ್ದವರು ಗೈರುಹಾಜರಾದವರೇ ಆಗಿದ್ದರು. ಇಂಥವರನ್ನು ಹಾಜರಿದ್ದೂ ಗೈರುಹಾಜರಾದವರು ಎಂಬ ವಿಚಿತ್ರ ಹೆಸರಿನಿಂದ ಗುರುತಿಸಲಾಯಿತು.

ಬಾಲಕ ಮಹಮೂದ್ ಈ ವರ್ಗಕ್ಕೆ ಸೇರಿದವನಾಗಿದ್ದ. ಶಾಲೆಗೆ ಅಧಿಕಾರಿಗಳು ತಪಾಸಣೆಗೆ ಬಂದಾಗ ಶಿಕ್ಷಕರು ಅವನನ್ನು ಬಚ್ಚಿಡಬೇಕಾಗುತ್ತಿತ್ತು. ತನ್ನ ಊರಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿದ್ದೂ ಅವನು ಅಲ್ಲಿಗೆ ಸೇರಿದವನಲ್ಲ. ಕಣ್ಣೆದುರು ನಿಂತಿದ್ದೂ ದಾಖಲೆಯಲ್ಲಿ ಇಲ್ಲ. ಹಾಜರಿ ಮತ್ತು ಗೈರುಹಾಜರಿ ಎಂಬ ಈ ಜೋಡಿಪದ ಮುಂದೆ ದರ್ವೀಶರ ಇಡೀ ಸಾಹಿತ್ಯದ ಮೂಲ ರೂಪಕವಾಯಿತು. ಸಾವಿಗೆ ಎರಡು ವರ್ಷ ಮೊದಲು, 2006ರಲ್ಲಿ ಅವರು ಪ್ರಕಟಿಸಿದ ಆತ್ಮಕಥನ ರೂಪದ ಗದ್ಯಕೃತಿಯ ಹೆಸರಿನಲ್ಲಿಯೂ ಗೈರುಹಾಜರಿ ಎಂಬ ಪದವೇ ಇದೆ. ಸರ್ಕಾರಿ ಕಡತದ ಒಂದು ಪಾರಿಭಾಷಿಕ ಪದ ಹೀಗೆ ಒಬ್ಬ ಕವಿಯ ಜೀವಮಾನದ ಚಿಂತನೆಯಾಗಿ ಬೆಳೆಯಿತು.

ವಿದ್ಯಾಭ್ಯಾಸ ಮತ್ತು ಮೊದಲ ಕವಿತೆ

ದರ್ವೀಶ್ ಅವರ ಪ್ರಾಥಮಿಕ ಶಿಕ್ಷಣ ದೈರ್ ಅಲ್-ಅಸದ್‌ನಲ್ಲಿಯೂ ಪ್ರೌಢಶಿಕ್ಷಣ ಕಫ್ರ್ ಯಾಸೀಫ್ ಗ್ರಾಮದಲ್ಲಿಯೂ ನಡೆಯಿತು. ಇಸ್ರೇಲ್ ಸ್ಥಾಪನೆಯ ವಾರ್ಷಿಕೋತ್ಸವಕ್ಕೆ ಶಾಲೆಯಲ್ಲಿ ಏರ್ಪಡಿಸಿದ್ದ ಸಮಾರಂಭದಲ್ಲಿ ಕವಿತೆ ಓದಲು ಈ ಬಾಲಕನಿಗೆ ಹೇಳಲಾಯಿತು. ಅವನು ಓದಿದ್ದು ಅರಬ್ ಹುಡುಗನೊಬ್ಬ ಯಹೂದಿ ಹುಡುಗನೊಡನೆ ಮಾತನಾಡುವ ಕವಿತೆ. ನಿನಗಿರುವ ಮನೆ, ಆಟಿಕೆ, ಹಬ್ಬ ನನಗೇಕಿಲ್ಲ ಎಂಬುದು ಅದರ ಸಾರವಾಗಿತ್ತು. ಮರುದಿನವೇ ಮಿಲಿಟರಿ ಗವರ್ನರ್ ಹುಡುಗನನ್ನು ಕರೆಸಿ ಗದರಿಸಿದರು. ಇಂಥ ಪದ್ಯ ಮತ್ತೆ ಬರೆದರೆ ತಂದೆಗೆ ಕಲ್ಲುಗಣಿಯ ಕೆಲಸ ಸಿಗದಂತೆ ಮಾಡುವುದಾಗಿ ಬೆದರಿಸಿದರು. ಕವಿತೆಯೊಂದು ಅಧಿಕಾರವನ್ನು ಅಷ್ಟು ಕೆರಳಿಸಬಲ್ಲದು ಎಂಬುದು ಬಾಲಕನಿಗೆ ಅಂದೇ ಮನವರಿಕೆಯಾಯಿತು. ಈ ಪ್ರಸಂಗವನ್ನು ದರ್ವೀಶ್ ಮುಂದೆ ಹಲವು ಬಾರಿ ನೆನಪಿಸಿಕೊಂಡಿದ್ದಾರೆ.

ಶಾಲೆಯಲ್ಲಿ ಅವರು ಹೀಬ್ರೂ ಭಾಷೆಯನ್ನು ಚೆನ್ನಾಗಿ ಕಲಿತರು. ಬೈಬಲ್ಲಿನ ಹಳೆಯ ಒಡಂಬಡಿಕೆ, ಬಿಯಾಲಿಕ್‌ನಂಥ ಹೀಬ್ರೂ ಕವಿಗಳು ಅವರಿಗೆ ಪರಿಚಿತರಾದರು. ಗ್ರೀಕ್ ನಾಟಕಗಳು ಮತ್ತು ಲೋರ್ಕಾ, ನೆರೂದಾ ಮೊದಲಾದ ಕವಿಗಳು ಕೂಡ ಅವರಿಗೆ ಮೊದಲು ದೊರೆತದ್ದು ಹೀಬ್ರೂ ಅನುವಾದಗಳ ಮೂಲಕ. ಹೀಗಾಗಿ ಹೀಬ್ರೂ ಅವರ ಪಾಲಿಗೆ ಮಿಲಿಟರಿ ಅಧಿಕಾರಿಯ ಭಾಷೆ ಮಾತ್ರವಾಗದೆ ವಿಶ್ವಸಾಹಿತ್ಯದ ಬಾಗಿಲೂ ಆಗಿತ್ತು.

ಹೈಫಾದ ವರ್ಷಗಳು

ಪ್ರೌಢಶಾಲೆಯ ಬಳಿಕ ದರ್ವೀಶ್ ಹೈಫಾ ನಗರಕ್ಕೆ ತೆರಳಿದರು. 1960ರಲ್ಲಿ, 19ನೆಯ ವಯಸ್ಸಿನಲ್ಲಿ, ಅವರ ಮೊದಲ ಸಂಕಲನ ‘ರೆಕ್ಕೆಯಿಲ್ಲದ ಹಕ್ಕಿಗಳು’ ಹೊರಬಂದಿತು. ಅದನ್ನು ಎಳಸು ಬರವಣಿಗೆ ಎಂದು ಪರಿಗಣಿಸಿದ ಕವಿ ಮುಂದೆ ತಮ್ಮ ಸಮಗ್ರ ಕಾವ್ಯದಲ್ಲಿ ಸೇರಿಸಲಿಲ್ಲ. 1961ರಲ್ಲಿ ಇಸ್ರೇಲಿನ ಕಮ್ಯುನಿಸ್ಟ್ ಪಕ್ಷ ಸೇರಿ, ಆ ಪಕ್ಷದ ಅರಬ್ಬೀ ಪತ್ರಿಕೆಗಳಾದ ‘ಅಲ್-ಇತ್ತಿಹಾದ್’ ಮತ್ತು ‘ಅಲ್-ಜದೀದ್’ಗಳಲ್ಲಿ ಕೆಲಸ ಮಾಡಿದರು. ಅರಬರೂ ಯಹೂದಿಗಳೂ ಒಟ್ಟಾಗಿ ದುಡಿಯುತ್ತಿದ್ದ ರಾಜಕೀಯ ವೇದಿಕೆಗಳು ಆಗ ವಿರಳ. ಕಮ್ಯುನಿಸ್ಟ್ ಪಕ್ಷ ಅವುಗಳಲ್ಲಿ ಒಂದಾಗಿತ್ತು. ಕವಿ ಸಮೀಹ್ ಅಲ್-ಕಾಸಿಂ ಅವರೊಡನೆ ದರ್ವೀಶರ ಆಜೀವ ಸ್ನೇಹ ಬೆಳೆದದ್ದೂ ಈ ಕಾಲದಲ್ಲಿ.

ಇಸ್ರೇಲಿನ ಅರಬ್ ಪ್ರಜೆಗಳು 1966ರವರೆಗೆ ಮಿಲಿಟರಿ ಆಡಳಿತದ ಅಡಿಯಲ್ಲಿದ್ದರು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಅವರಿಗೆ ರಹದಾರಿ ಬೇಕಿತ್ತು. ಕವಿತೆ ಓದಲು ಅನುಮತಿಯಿಲ್ಲದೆ ಪ್ರಯಾಣ ಮಾಡಿದ್ದೂ ಸೇರಿದಂತೆ ಹಲವು ಕಾರಣಗಳಿಗಾಗಿ 1961ರಿಂದ 1967ರ ನಡುವೆ ದರ್ವೀಶರನ್ನು ಹಲವು ಬಾರಿ ಸೆರೆಮನೆಗೆ ಕಳುಹಿಸಲಾಯಿತು. ಅನಂತರ ಗೃಹಬಂಧನದ ಕಟ್ಟುಪಾಡುಗಳೂ ಇದ್ದವು. ಸೆರೆಯಲ್ಲಿದ್ದಾಗ ತಾಯಿ ಭೇಟಿಗೆ ತಂದ ರೊಟ್ಟಿ ಮತ್ತು ಕಾಫಿಯ ನೆನಪಿನಿಂದ ಹುಟ್ಟಿದ ‘ನನ್ನ ತಾಯಿಗೆ’ ಎಂಬ ಕವಿತೆ ಅರಬ್ ಜಗತ್ತಿನ ಮನೆಮಾತಾಯಿತು. ಕವಿ ಅದನ್ನು ಬರೆದದ್ದು ಸ್ವಂತ ತಾಯಿಯ ಕುರಿತು. ಓದುಗರು ಆ ತಾಯಿಯಲ್ಲಿ ತಾಯ್ನಾಡನ್ನು ಕಂಡರು.

ಈ ಕಾಲದ ಅತ್ಯಂತ ಪ್ರಸಿದ್ಧ ಕವಿತೆ ‘ಗುರುತಿನ ಚೀಟಿ’. 1964ರಲ್ಲಿ ಪ್ರಕಟವಾದ ‘ಆಲಿವ್ ಎಲೆಗಳು’ ಸಂಕಲನದಲ್ಲಿ ಇದು ಸೇರಿದೆ. ಕಲ್ಲುಗಣಿಯ ಕೂಲಿಕಾರನೊಬ್ಬ ತನ್ನ ವಿವರಗಳನ್ನು ಬರೆದುಕೊಳ್ಳುತ್ತಿರುವ ಅಧಿಕಾರಿಯ ಮುಂದೆ ನಿಂತು ತನ್ನ ಕುಲ, ಕಸುಬು, ಮಕ್ಕಳು ಮತ್ತು ಹಸಿವನ್ನು ತಲೆಯೆತ್ತಿ ಹೇಳಿಕೊಳ್ಳುವ ಸ್ವಗತವಿದು. 1965ರ ಮೇ 1ರಂದು ನಜರೆತ್ ನಗರದ ಚಿತ್ರಮಂದಿರವೊಂದರಲ್ಲಿ ಕವಿ ಇದನ್ನು ಓದಿದಾಗ ಸಭಿಕರ ಉತ್ಸಾಹ ಮೇರೆ ಮೀರಿತು. ಕೆಲವೇ ದಿನಗಳಲ್ಲಿ ಕವಿತೆ ಬಾಯಿಂದ ಬಾಯಿಗೆ ಹರಡಿತು. ಗಡಿಯಾಚೆಯ ಅರಬ್ ಓದುಗರಿಗೆ ಇಸ್ರೇಲಿನೊಳಗಿನ ಕವಿಗಳನ್ನು ಪರಿಚಯಿಸಿದವರು ಕಾದಂಬರಿಕಾರ ಗಸ್ಸಾನ್ ಕನಫಾನಿ. ಪ್ರತಿರೋಧ ಸಾಹಿತ್ಯವನ್ನು ಕುರಿತ ಅವರ 1966ರ ಅಧ್ಯಯನದ ನಂತರ ದರ್ವೀಶರ ಹೆಸರು ಅರಬ್ ದೇಶಗಳೆಲ್ಲೆಡೆ ಪ್ರಸಿದ್ಧವಾಯಿತು.

1967ರ ಜೂನ್ ಯುದ್ಧದ ಬಳಿಕ ದರ್ವೀಶ್ ಇಸ್ರೇಲಿ ಸೈನಿಕನೊಬ್ಬನ ಜತೆಗಿನ ಸಂವಾದವನ್ನು ಕವಿತೆಯಾಗಿಸಿದರು. ಯುದ್ಧದಿಂದ ಮರಳಿ, ಕೊಲ್ಲುವುದರಲ್ಲಿ ನಂಬಿಕೆ ಕಳೆದುಕೊಂಡು, ದೇಶ ಬಿಡಲು ನಿರ್ಧರಿಸಿದ ತರುಣನ ಚಿತ್ರ ಅದರಲ್ಲಿದೆ. ಮುಂದೆ ಇತಿಹಾಸಕಾರರಾಗಿ ಹೆಸರಾದ ಶ್ಲೋಮೋ ಸಾಂಡ್ ಆ ತರುಣ ತಾವೇ ಎಂದು ಹೇಳಿಕೊಂಡಿದ್ದಾರೆ. ಶತ್ರುವನ್ನು ಮನುಷ್ಯನನ್ನಾಗಿ ಚಿತ್ರಿಸಿದ್ದಕ್ಕೆ ಅರಬ್ ವಲಯದಲ್ಲಿ ಆಕ್ಷೇಪಣೆಗಳು ಕೇಳಿಬಂದವು. ಆದರೂ ದರ್ವೀಶ್ ಆ ದೃಷ್ಟಿಯನ್ನು ಕೊನೆಯವರೆಗೂ ಕೈಬಿಡಲಿಲ್ಲ.

1969ರಲ್ಲಿ ಅವರು ‘ಅಲ್-ಜದೀದ್’ ಪತ್ರಿಕೆಯಲ್ಲಿ ಒಂದು ಮಹತ್ವದ ಪ್ರಬಂಧ ಬರೆದರು. ಪ್ಯಾಲೆಸ್ಟೀನಿನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ತಮ್ಮ ಮತ್ತು ತಮ್ಮ ಗೆಳೆಯರ ಪ್ರತಿಯೊಂದು ಪದ್ಯವನ್ನೂ ಹೊಗಳುವ ಅರಬ್ ವಿಮರ್ಶಕರ ಪ್ರೀತಿ ಕವಿಗಳಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ, ಆದ್ದರಿಂದ ಇತರ ಕವಿಗಳಿಗೆ ಬಳಸುವ ಅಳತೆಗೋಲನ್ನೇ ತಮಗೂ ಬಳಸಬೇಕು ಎಂಬುದು ಅದರ ತಾತ್ಪರ್ಯ. ಆಗ ಅವರ ವಯಸ್ಸು ಕೇವಲ 28. ಕೀರ್ತಿಯ ಶಿಖರದಲ್ಲಿ ನಿಂತು ಆ ಕೀರ್ತಿಯ ಕಾರಣವನ್ನೇ ಪ್ರಶ್ನಿಸಿದ ಈ ಬರಹವು ಅವರ ಮುಂದಿನ ದಾರಿಯ ಸೂಚನೆಯಾಗಿತ್ತು.

ಮಾಸ್ಕೋ ಮತ್ತು ಕೈರೋ

1970ರಲ್ಲಿ ದರ್ವೀಶ್ ಉನ್ನತ ವ್ಯಾಸಂಗಕ್ಕೆ ಮಾಸ್ಕೋಗೆ ತೆರಳಿದರು. ಅಲ್ಲಿ ಸುಮಾರು ಒಂದು ವರ್ಷ ಕಳೆದು, 1971ರಲ್ಲಿ ಹೈಫಾಕ್ಕೆ ಮರಳುವ ಬದಲು ಈಜಿಪ್ಟಿನ ರಾಜಧಾನಿ ಕೈರೋಗೆ ಹೋದರು. ಅಲ್ಲಿನ ಪ್ರಮುಖ ದಿನಪತ್ರಿಕೆ ‘ಅಲ್-ಅಹ್ರಾಂ’ನಲ್ಲಿ ಅವರಿಗೆ ಕೆಲಸ ದೊರೆಯಿತು. ನಗೀಬ್ ಮಹಫೂಜ್, ತೌಫೀಕ್ ಅಲ್-ಹಕೀಂ ಮೊದಲಾದ ಹಿರಿಯ ಲೇಖಕರ ಒಡನಾಟ ಅವರಿಗೆ ಲಭಿಸಿತು.

ಈ ನಿರ್ಧಾರ ತೀವ್ರ ಟೀಕೆಗೆ ಗುರಿಯಾಯಿತು. ನೆಲ ಬಿಡದೆ ಉಳಿಯುವುದೇ ಪ್ರತಿರೋಧ ಎಂದು ನಂಬಿದ್ದ ಗೆಳೆಯರಿಗೆ ಇದು ತೊರೆದುಹೋಗುವಿಕೆಯಾಗಿ ಕಂಡಿತು. ಓಡಾಟಕ್ಕೆ ನಿರ್ಬಂಧ, ಮೇಲಿಂದ ಮೇಲೆ ಬಂಧನ ಮತ್ತು ಗೃಹಬಂಧನಗಳ ನಡುವೆ ಕವಿಯಾಗಿ ಬೆಳೆಯುವುದು ಅಸಾಧ್ಯವೆಂಬುದು ದರ್ವೀಶರ ನಿಲುವಾಗಿತ್ತು. 1973ರಲ್ಲಿ ಅವರು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯನ್ನು ಸೇರಿದಾಗ ಇಸ್ರೇಲ್ ಅವರ ಪುನಃಪ್ರವೇಶವನ್ನು ನಿಷೇಧಿಸಿತು. ದೇಶದೊಳಗಿನ ಅಗೋಚರ ವಲಸೆ ಹೀಗೆ ದೇಶದ ಹೊರಗಿನ ಗೋಚರ ವಲಸೆಯಾಗಿ ಬದಲಾಯಿತು. ಅದು 20 ವರ್ಷಗಳಿಗೂ ಹೆಚ್ಚು ಕಾಲ ಮುಂದುವರಿಯಿತು.

ಬೈರೂತ್ ಮತ್ತು 1982ರ ಮುತ್ತಿಗೆ

1973ರಿಂದ ದರ್ವೀಶ್ ಲೆಬನಾನಿನ ರಾಜಧಾನಿ ಬೈರೂತಿನಲ್ಲಿ ನೆಲೆಸಿದರು. ಸಂಘಟನೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿ, ಅದರ ‘ಶುಊನ್ ಫಲಸ್ತೀನಿಯ್ಯಾ’ ಎಂಬ ಮಾಸಪತ್ರಿಕೆಯನ್ನು ಸಂಪಾದಿಸಿದರು. 1981ರಲ್ಲಿ ‘ಅಲ್-ಕರ್ಮಿಲ್’ ಎಂಬ ಸಾಹಿತ್ಯ ತ್ರೈಮಾಸಿಕವನ್ನು ಆರಂಭಿಸಿದರು. ಹೈಫಾ ನಗರಕ್ಕೆ ಒತ್ತಿಕೊಂಡಿರುವ ಬೆಟ್ಟದ ಹೆಸರನ್ನೇ ಪತ್ರಿಕೆಗೆ ಇಟ್ಟಿದ್ದರು. ಅದು ಬಲುಬೇಗ ಅರಬ್ಬೀ ಭಾಷೆಯ ಗಣ್ಯ ಸಾಹಿತ್ಯ ಪತ್ರಿಕೆಗಳಲ್ಲಿ ಒಂದಾಯಿತು. ಲೆಬನಾನಿನ ಅಂತರ್ಯುದ್ಧ ಕಾಲದಲ್ಲಿ, 1976ರಲ್ಲಿ, ತಲ್ ಅಲ್-ಝಾತರ್ ನಿರಾಶ್ರಿತರ ಶಿಬಿರ ಮುತ್ತಿಗೆಗೊಳಗಾಗಿ ನಾಶವಾಯಿತು. ಆ ದುರಂತದ ಹಿನ್ನೆಲೆಯಲ್ಲಿ ಅವರು ದೀರ್ಘ ಕವಿತೆಯೊಂದನ್ನು ರಚಿಸಿದರು.

1982ರ ಜೂನ್‌ನಲ್ಲಿ ಇಸ್ರೇಲಿ ಸೇನೆ ಲೆಬನಾನನ್ನು ಪ್ರವೇಶಿಸಿ ಪಶ್ಚಿಮ ಬೈರೂತಿಗೆ ಮುತ್ತಿಗೆ ಹಾಕಿತು. ಎರಡು ತಿಂಗಳಿಗೂ ಹೆಚ್ಚು ಕಾಲ ನಗರವು ನೆಲ, ಜಲ ಮತ್ತು ವಾಯುಮಾರ್ಗಗಳ ದಾಳಿಗೆ ತುತ್ತಾಯಿತು. ಮುತ್ತಿಗೆಯ ಉದ್ದಕ್ಕೂ ದರ್ವೀಶ್ ನಗರದಲ್ಲಿಯೇ ಇದ್ದರು. ಈ ಅನುಭವವು ‘ಮರೆವಿಗಾಗಿ ನೆನಪು’ ಎಂಬ ಗದ್ಯಕೃತಿಗೆ ವಸ್ತುವಾಯಿತು. ಆಗಸ್ಟ್ ತಿಂಗಳ ಒಂದೇ ದಿನದ ವೃತ್ತಾಂತವಿದು. ಬಾಂಬುಗಳು ಬೀಳುತ್ತಿರುವಾಗ ಅಡುಗೆಮನೆಯವರೆಗೆ ನಡೆದು ಒಂದು ಲೋಟ ಕಾಫಿ ಮಾಡಿಕೊಳ್ಳಬೇಕೆಂಬ ಸಾಮಾನ್ಯ ಆಸೆಯಿಂದ ಕೃತಿ ಆರಂಭವಾಗುತ್ತದೆ. ಯುದ್ಧವು ಮನುಷ್ಯನಿಂದ ಕಸಿದುಕೊಳ್ಳುವುದು ದಿನನಿತ್ಯದ ಸಣ್ಣ ಸಂಗತಿಗಳನ್ನೇ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಪುಸ್ತಕಗಳು ಅಪರೂಪ.

ಒಪ್ಪಂದದಂತೆ ಪ್ಯಾಲೆಸ್ಟೀನಿ ಹೋರಾಟಗಾರರು ಬೈರೂತ್ ಬಿಟ್ಟ ಬಳಿಕ, ಸೆಪ್ಟೆಂಬರಿನಲ್ಲಿ ಸಬ್ರಾ ಮತ್ತು ಶತೀಲಾ ಶಿಬಿರಗಳಲ್ಲಿ ಹತ್ಯಾಕಾಂಡ ನಡೆಯಿತು. ದರ್ವೀಶ್ ಸಿರಿಯಾ ಮಾರ್ಗವಾಗಿ ಟ್ಯೂನಿಸ್ ಸೇರಿದರು. ‘ಅಲ್-ಕರ್ಮಿಲ್’ ಪತ್ರಿಕೆ ಸೈಪ್ರಸ್ ದ್ವೀಪದಿಂದ ಮತ್ತೆ ಹೊರಬರತೊಡಗಿತು.

ಪ್ಯಾರಿಸ್ ಮತ್ತು ರಾಜಕೀಯ ಜೀವನ

1980ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ದರ್ವೀಶರ ಮುಖ್ಯ ನೆಲೆ ಪ್ಯಾರಿಸ್. ಕೋಲಾಹಲದಿಂದ ದೂರವಿದ್ದ ಈ ಅವಧಿಯಲ್ಲಿ ಅವರ ಅನೇಕ ಶ್ರೇಷ್ಠ ಕೃತಿಗಳು ರಚನೆಯಾದವು. ಇದೇ ಕಾಲದಲ್ಲಿ ಅವರು ರಾಜಕೀಯವಾಗಿಯೂ ಅತ್ಯಂತ ಎತ್ತರದ ಸ್ಥಾನದಲ್ಲಿದ್ದರು. 1987ರಲ್ಲಿ ವಿಮೋಚನಾ ಸಂಘಟನೆಯ ಕಾರ್ಯಕಾರಿ ಸಮಿತಿಗೆ ಆಯ್ಕೆಯಾದರು. 1988ರ ನವೆಂಬರ್ 15ರಂದು ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ನಲ್ಲಿ ಯಾಸಿರ್ ಅರಾಫತ್ ಓದಿದ ಪ್ಯಾಲೆಸ್ಟೀನಿನ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದವರು ದರ್ವೀಶ್. 1947ರ ವಿಭಜನಾ ನಿರ್ಣಯವನ್ನು ಆಧಾರವಾಗಿ ಉಲ್ಲೇಖಿಸುವ ಆ ಘೋಷಣೆಯು ಎರಡು ರಾಷ್ಟ್ರಗಳ ಪರಿಹಾರವನ್ನು ಪರೋಕ್ಷವಾಗಿ ಒಪ್ಪಿಕೊಂಡಿತ್ತು. ಅದನ್ನು ಇಂಗ್ಲಿಷಿಗೆ ಅನುವಾದಿಸಿದವರು ಅವರ ಆತ್ಮೀಯ ಗೆಳೆಯ, ವಿದ್ವಾಂಸ ಎಡ್ವರ್ಡ್ ಸಯೀದ್.

1993ರಲ್ಲಿ ಇಸ್ರೇಲ್ ಮತ್ತು ವಿಮೋಚನಾ ಸಂಘಟನೆಗಳ ನಡುವೆ ಓಸ್ಲೋ ಒಪ್ಪಂದವಾದಾಗ ದರ್ವೀಶ್ ಕಾರ್ಯಕಾರಿ ಸಮಿತಿಗೆ ರಾಜೀನಾಮೆ ನೀಡಿದರು. ಅವರು ಶಾಂತಿಯ ವಿರೋಧಿಯಾಗಿರಲಿಲ್ಲ. ಆದರೆ ನಿರಾಶ್ರಿತರು, ವಸತಿಗಳು, ಜೆರುಸಲೇಂ ಮೊದಲಾದ ಮೂಲ ಪ್ರಶ್ನೆಗಳನ್ನು ಮುಂದೂಡಿದ ಒಪ್ಪಂದವು ನ್ಯಾಯಯುತ ಶಾಂತಿಗೆ ದಾರಿ ಮಾಡಲಾರದು ಎಂದು ಅವರು ಭಾವಿಸಿದ್ದರು. ಅನಂತರ ಅವರು ಯಾವ ರಾಜಕೀಯ ಹುದ್ದೆಯನ್ನೂ ವಹಿಸಲಿಲ್ಲ.

ರಮಲ್ಲಾ: ಅರ್ಧ ಮರಳುವಿಕೆ

ಓಸ್ಲೋ ಒಪ್ಪಂದವನ್ನು ವಿರೋಧಿಸಿದ ಕವಿಗೆ ಮರಳುವ ಅವಕಾಶ ದೊರೆತದ್ದು ಅದೇ ಒಪ್ಪಂದದ ಫಲವಾಗಿ. 1996ರಲ್ಲಿ ಅವರು ಪಶ್ಚಿಮ ದಂಡೆಯ ರಮಲ್ಲಾ ನಗರದಲ್ಲಿ ನೆಲೆಸಿ, ಅಲ್ಲಿಗೂ ಜೋರ್ಡಾನಿನ ಅಮ್ಮಾನ್‌ಗೂ ನಡುವೆ ಓಡಾಡತೊಡಗಿದರು. ಅದೇ ವರ್ಷ ಕಾದಂಬರಿಕಾರ ಎಮೀಲ್ ಹಬೀಬಿಯವರ ಅಂತ್ಯಕ್ರಿಯೆಗಾಗಿ ಹೈಫಾಕ್ಕೆ ಭೇಟಿ ನೀಡಲು ಇಸ್ರೇಲ್ ಅನುಮತಿ ನೀಡಿತು. ಗಲಿಲೀಯಲ್ಲಿ ಶಾಶ್ವತವಾಗಿ ನೆಲೆಸುವ ಅವಕಾಶ ಮಾತ್ರ ದೊರೆಯಲಿಲ್ಲ. ರಮಲ್ಲಾ ಪ್ಯಾಲೆಸ್ಟೀನಿನಲ್ಲಿದ್ದರೂ ಅದು ಅವರ ಊರಾಗಿರಲಿಲ್ಲ. ಹೀಗಾಗಿ ಅವರ ಮರಳುವಿಕೆ ಅರ್ಧವಾಗಿಯೇ ಉಳಿಯಿತು.

‘ಅಲ್-ಕರ್ಮಿಲ್’ ಪತ್ರಿಕೆಯ ಕಚೇರಿ ಈಗ ರಮಲ್ಲಾದ ಖಲೀಲ್ ಸಕಾಕೀನಿ ಸಾಂಸ್ಕೃತಿಕ ಕೇಂದ್ರದಲ್ಲಿತ್ತು. 2002ರ ಮಾರ್ಚ್‌ನಲ್ಲಿ ಜೋಸೆ ಸರಮಾಗೊ, ವೋಲೆ ಸೋಯಿಂಕಾ, ಬ್ರೇಟನ್ ಬ್ರೇಟನ್‌ಬಾಖ್, ಹ್ವಾನ್ ಗೋಯ್ಟಿಸೋಲೊ ಮೊದಲಾದ ಲೇಖಕರ ನಿಯೋಗವು ದರ್ವೀಶರನ್ನು ಕಾಣಲು ರಮಲ್ಲಾಕ್ಕೆ ಬಂದಿತು. ಕೆಲವೇ ದಿನಗಳಲ್ಲಿ ಇಸ್ರೇಲಿ ಸೇನೆ ನಗರವನ್ನು ಪ್ರವೇಶಿಸಿತು. ಆ ಕಾರ್ಯಾಚರಣೆಯಲ್ಲಿ ಸಾಂಸ್ಕೃತಿಕ ಕೇಂದ್ರದ ಕಚೇರಿಗಳೂ ಹಾನಿಗೊಳಗಾದವು. ‘ಮುತ್ತಿಗೆಯ ಸ್ಥಿತಿ’ (2002) ಎಂಬ ಕೃತಿ ಬಿಡಿಬಿಡಿ ಟಿಪ್ಪಣಿಗಳ ರೂಪದಲ್ಲಿದೆ. ಬೈರೂತಿನ ಮುತ್ತಿಗೆಯ ಕವಿತೆಯ ಗಟ್ಟಿ ದನಿ ಇಲ್ಲಿಲ್ಲ. ಬದಲಿಗೆ ಕಾಯುವವನ ತಾಳ್ಮೆ ಮತ್ತು ಮೆಲುದನಿಯ ವ್ಯಂಗ್ಯವಿದೆ.

2007ರ ಜುಲೈ 15ರಂದು ಹೈಫಾದಲ್ಲಿ ಅವರ ಕವಿತಾವಾಚನ ನಡೆಯಿತು. ಸಭಾಂಗಣ ಕಿಕ್ಕಿರಿದು ತುಂಬಿತ್ತು. ಕೆಲವೇ ವಾರಗಳ ಹಿಂದೆ ಗಾಜಾದಲ್ಲಿ ಫತಾಹ್ ಮತ್ತು ಹಮಾಸ್ ಬಣಗಳ ನಡುವೆ ರಕ್ತಪಾತವಾಗಿತ್ತು. ಸ್ವಂತ ಜನರ ಈ ಒಳಜಗಳವನ್ನು ಅವರು ಆ ವೇದಿಕೆಯಿಂದ ಕಟುವಾಗಿ ಟೀಕಿಸಿದರು.

ಕಾವ್ಯದ ಸ್ವರೂಪ

ಪ್ರಾಚೀನ ಅರಬ್ಬೀ ಪದ್ಯದ ಸಾಲು ಎರಡು ಸಮಭಾಗಗಳಾಗಿ ಒಡೆದಿರುತ್ತದೆ. ಕವಿತೆಯುದ್ದಕ್ಕೂ ಒಂದೇ ಅಂತ್ಯಪ್ರಾಸ ಬರುತ್ತದೆ. 1940ರ ದಶಕದ ಕೊನೆಯಲ್ಲಿ ಇರಾಕಿನ ನಾಜಿಕ್ ಅಲ್-ಮಲಾಯಿಕಾ ಮತ್ತು ಬದ್ರ್ ಶಾಕಿರ್ ಅಲ್-ಸಯ್ಯಾಬ್ ಈ ಕಟ್ಟನ್ನು ಸಡಿಲಿಸಿದರು. ನಮ್ಮ ಛಂದಸ್ಸಿನ ಗಣಕ್ಕೆ ಹೋಲಿಸಬಹುದಾದ ಲಯದ ಘಟಕವನ್ನು ಉಳಿಸಿಕೊಂಡು, ಸಾಲಿನ ಉದ್ದವನ್ನು ಭಾವಕ್ಕೆ ತಕ್ಕಂತೆ ಬದಲಿಸುವ ಸ್ವಾತಂತ್ರ್ಯ ಪಡೆದರು. ದರ್ವೀಶ್ ಈ ಮಾರ್ಗದ ಕವಿ. ಛಂದಸ್ಸನ್ನು ಪೂರ್ಣವಾಗಿ ಬಿಟ್ಟ ಗದ್ಯಕವಿತೆಯ ಗೆಳೆಯರನ್ನು ಗೌರವಿಸುತ್ತಲೇ ತಾವು ಮಾತ್ರ ಲಯವನ್ನು ಬಿಡಲಿಲ್ಲ. ಸಾವಿರಾರು ಜನರ ಸಭೆಗಳಲ್ಲಿ ಅವರ ಕವಿತೆ ಕಿವಿಗೆ ತಟ್ಟಲು ಈ ಲಯವೂ ಒಂದು ಕಾರಣ.

ಅರಬ್ಬೀಯಲ್ಲಿ ಬೈತ್ ಎಂಬ ಪದಕ್ಕೆ ಮನೆ ಎಂಬ ಅರ್ಥವೂ ಪದ್ಯದ ಸಾಲು ಎಂಬ ಅರ್ಥವೂ ಇದೆ. ಮನೆ ಕಳೆದುಕೊಂಡ ಕವಿ ಪದ್ಯದಲ್ಲಿ ಮನೆ ಕಟ್ಟುತ್ತಾನೆ ಎಂಬ ಭಾವಕ್ಕೆ ಈ ಶ್ಲೇಷೆ ಸಹಜ ನೆಲೆಯಾಯಿತು. ಆಲಿವ್ ಮರ, ಬಾವಿ, ಕುದುರೆ, ರೊಟ್ಟಿ, ಬಾದಾಮಿ ಹೂವು, ಚಿಟ್ಟೆ ಅವರಲ್ಲಿ ಮರಳಿ ಮರಳಿ ಬರುವ ಪ್ರತಿಮೆಗಳು.

ಅವರ ಕಾವ್ಯವನ್ನು ಸ್ಥೂಲವಾಗಿ ಮೂರು ಘಟ್ಟಗಳಲ್ಲಿ ನೋಡಬಹುದು. ಹೈಫಾದ ಕಾಲದ ಕವಿತೆಗಳು ನೇರ, ಸರಳ ಮತ್ತು ಆವೇಶಪೂರ್ಣ. ಬೈರೂತಿನ ಕಾಲದವು ದೀರ್ಘ, ಬಹುದನಿಯ, ಮಹಾಕಾವ್ಯದ ಹರಹುಳ್ಳವು. ಪ್ಯಾರಿಸ್ ಮತ್ತು ಅನಂತರದ ಕಾಲದಲ್ಲಿ ಅವರು ಸ್ವಂತ ನೋವನ್ನು ಮನುಕುಲದ ಇತಿಹಾಸದೊಡನೆ ಹೊಂದಿಸಿ ನೋಡಿದರು. 1992ರ ‘ಹನ್ನೊಂದು ಗ್ರಹಗಳು’ ಸಂಕಲನದಲ್ಲಿ 1492ರ ಗ್ರಾನಡಾ ಪತನ ಮತ್ತು ಅಮೆರಿಕದ ಮೂಲನಿವಾಸಿಗಳ ನಾಶ ಎದುರುಬದುರಾಗಿ ನಿಲ್ಲುತ್ತವೆ. 1995ರ ‘ಕುದುರೆಯನ್ನೇಕೆ ಒಂಟಿಯಾಗಿ ಬಿಟ್ಟೆ’ ಅವರ ಪದ್ಯರೂಪದ ಆತ್ಮಕಥೆ. ಊರು ಬಿಡುವ ರಾತ್ರಿ ತಂದೆ ಮತ್ತು ಮಗನ ನಡುವೆ ನಡೆಯುವ ಮಾತುಕತೆ ಅದರ ಹೃದಯಭಾಗ. 1998ರಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಸಾವಿನ ಅಂಚಿಗೆ ಹೋಗಿಬಂದ ಅನುಭವದಿಂದ ‘ಭಿತ್ತಿಚಿತ್ರ’ (2000) ಎಂಬ ನೀಳ್ಗವಿತೆ ಮೂಡಿತು. ಅಲ್ಲಿ ಕವಿ ಮೃತ್ಯುವನ್ನು ಅತಿಥಿಯಂತೆ ಹೊರಗೆ ಕಾಯಲು ಹೇಳಿ, ಅದರೊಡನೆ ವಾದಿಸುತ್ತಾರೆ. ತಮ್ಮದೆಂದು ಏನೇನು ಉಳಿದಿದೆ ಎಂದು ಲೆಕ್ಕ ಹಾಕುತ್ತ, ತಮ್ಮ ಹೆಸರಿನ ಅಕ್ಷರಗಳನ್ನೇ ಒಂದೊಂದಾಗಿ ಎಣಿಸುತ್ತಾರೆ.

ಈ ಬೆಳವಣಿಗೆಯನ್ನು ಎಲ್ಲ ಅಭಿಮಾನಿಗಳೂ ಮೆಚ್ಚಲಿಲ್ಲ. ಸಭೆಗಳಲ್ಲಿ ಶ್ರೋತೃಗಳು ‘ಗುರುತಿನ ಚೀಟಿ’ಯನ್ನೇ ಓದಬೇಕೆಂದು ಒತ್ತಾಯಿಸುತ್ತಿದ್ದರು, ಅವರು ಅದನ್ನು ಓದಲು ನಿರಾಕರಿಸಿದ್ದೂ ಉಂಟು. ಇಸ್ರೇಲಿ ಅಧಿಕಾರಿಯ ಎದುರು ಆಡಿದ ಮಾತನ್ನು ಅರಬರ ಎದುರೇ ಆಡುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ವಾದ. ಪ್ರೇಮವನ್ನೋ ಹೂವನ್ನೋ ಕುರಿತು ಬರೆಯುವ ಹಕ್ಕು ಪ್ಯಾಲೆಸ್ಟೀನಿಯನಿಗೂ ಇದೆ, ಆ ಸಹಜತೆಯನ್ನು ಉಳಿಸಿಕೊಳ್ಳುವುದೂ ಪ್ರತಿರೋಧವೇ ಎಂದು ಅವರು ನಂಬಿದ್ದರು.

ವಿವಾದಗಳು

1987ರಲ್ಲಿ ಆರಂಭವಾದ ಪ್ಯಾಲೆಸ್ಟೀನಿ ಜನದಂಗೆಯ ಹಿನ್ನೆಲೆಯಲ್ಲಿ ದರ್ವೀಶ್ ಬರೆದ ಕವಿತೆಯೊಂದು 1988ರಲ್ಲಿ ಇಸ್ರೇಲಿನಲ್ಲಿ ದೊಡ್ಡ ಕೋಲಾಹಲ ಎಬ್ಬಿಸಿತು. ಯಹೂದಿಗಳು ಇಡೀ ದೇಶವನ್ನೇ ಬಿಟ್ಟುಹೋಗಬೇಕೆಂದು ಕವಿತೆ ಹೇಳುತ್ತದೆ ಎಂಬುದು ಟೀಕಾಕಾರರ ಆರೋಪ. 1967ರಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಸೇನೆ ಹೊರಡಬೇಕು ಎಂಬುದಷ್ಟೇ ತಮ್ಮ ಅರ್ಥವೆಂದು ಕವಿ ವಿವರಿಸಿದರು. ಪ್ರಧಾನಿ ಯಿತ್ಝಾಕ್ ಶಮೀರ್ ಸಂಸತ್ತಿನಲ್ಲಿಯೇ ಆ ಕವಿತೆಯನ್ನು ಪ್ರಸ್ತಾಪಿಸಿದರು. 2000ರಲ್ಲಿ ಶಿಕ್ಷಣ ಸಚಿವ ಯೋಸಿ ಸರೀದ್ ಅವರು ದರ್ವೀಶರ ಕೆಲವು ಕವಿತೆಗಳನ್ನು ಇಸ್ರೇಲಿ ಶಾಲೆಗಳ ಪಠ್ಯದಲ್ಲಿ ಸೇರಿಸಲು ಮುಂದಾದಾಗ ಸರ್ಕಾರವೇ ಅವಿಶ್ವಾಸ ನಿರ್ಣಯವನ್ನು ಎದುರಿಸಬೇಕಾಯಿತು. ದೇಶ ಇದಕ್ಕೆ ಇನ್ನೂ ಸಿದ್ಧವಾಗಿಲ್ಲ ಎಂಬ ನಿಲುವನ್ನು ಪ್ರಧಾನಿ ಎಹೂದ್ ಬರಾಕ್ ತಳೆದರು. ಕವಿಯ ನಿಧನಾನಂತರವೂ, 2016ರಲ್ಲಿ ಇಸ್ರೇಲಿನ ಸೇನಾ ಬಾನುಲಿಯಲ್ಲಿ ‘ಗುರುತಿನ ಚೀಟಿ’ಯ ಕುರಿತು ಕಾರ್ಯಕ್ರಮ ಪ್ರಸಾರವಾದಾಗ ವಿವಾದ ಮರುಕಳಿಸಿತು.

ವೈಯಕ್ತಿಕ ಜೀವನ

ದರ್ವೀಶ್ ಎರಡು ಬಾರಿ ವಿವಾಹವಾದರು. ಎರಡೂ ವಿವಾಹಗಳು ವಿಚ್ಛೇದನದಲ್ಲಿ ಕೊನೆಗೊಂಡವು. ಅವರಿಗೆ ಮಕ್ಕಳಿರಲಿಲ್ಲ. ಹೈಫಾದ ದಿನಗಳಲ್ಲಿ ಅವರು ಯಹೂದಿ ಯುವತಿಯೊಬ್ಬಳನ್ನು ಪ್ರೀತಿಸಿದ್ದರು. 1967ರ ಯುದ್ಧದೊಂದಿಗೆ ಆ ಸಂಬಂಧ ಮುರಿದುಬಿದ್ದಿತು. ಅವರ ಕವಿತೆಗಳಲ್ಲಿ ರೀಟಾ ಎಂಬ ಕಲ್ಪಿತ ಹೆಸರಿನಿಂದ ಬರುವವಳು ಆಕೆಯೇ. ಲೆಬನಾನಿನ ಗಾಯಕ ಮಾರ್ಸೆಲ್ ಖಲೀಫೆ ರೀಟಾಳ ಕವಿತೆಗೂ ತಾಯಿಯ ಕುರಿತ ಕವಿತೆಗೂ ರಾಗ ಸಂಯೋಜಿಸಿ ಹಾಡಿ ಜನಪ್ರಿಯಗೊಳಿಸಿದರು.

ನಿಧನ

ದರ್ವೀಶರಿಗೆ ಹೃದ್ರೋಗವಿತ್ತು. 1984 ಮತ್ತು 1998ರಲ್ಲಿ ಶಸ್ತ್ರಚಿಕಿತ್ಸೆಗಳಾಗಿದ್ದವು. ಮೂರನೆಯ ಶಸ್ತ್ರಚಿಕಿತ್ಸೆಗಾಗಿ ಅವರು ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರಕ್ಕೆ ತೆರಳಿದರು. ಚಿಕಿತ್ಸೆಯ ನಂತರ ಉಂಟಾದ ತೊಡಕುಗಳಿಂದ 2008ರ ಆಗಸ್ಟ್ 9ರಂದು, 67ನೆಯ ವಯಸ್ಸಿನಲ್ಲಿ ನಿಧನರಾದರು. ಪ್ಯಾಲೆಸ್ಟೀನಿ ಆಡಳಿತವು ಮೂರು ದಿನಗಳ ಶೋಕಾಚರಣೆ ಘೋಷಿಸಿತು. ಆಗಸ್ಟ್ 13ರಂದು ರಮಲ್ಲಾದ ಸಾಂಸ್ಕೃತಿಕ ಭವನದ ಸಮೀಪದ ಗುಡ್ಡದ ಮೇಲೆ ಸಕಲ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ಇಳಿವಯಸ್ಸಿನ ತಾಯಿ ಹೂರಿಯಾ ಅಂದು ಉಪಸ್ಥಿತರಿದ್ದರು. ಸಮಾಧಿಯ ಸುತ್ತ ನಿರ್ಮಿಸಿದ ಉದ್ಯಾನಕ್ಕೆ ಅವರ ಹುಟ್ಟೂರಾದ ಅಲ್-ಬಿರ್ವಾದ ಹೆಸರನ್ನು ಇಡಲಾಗಿದೆ. ಅಲ್ಲಿಯೇ 2012ರಲ್ಲಿ ಮಹಮೂದ್ ದರ್ವೀಶ್ ವಸ್ತುಸಂಗ್ರಹಾಲಯ ಆರಂಭವಾಯಿತು. ನಕ್ಷೆಯಿಂದ ಅಳಿದುಹೋದ ಹಳ್ಳಿಯೊಂದರ ಹೆಸರು ಹೀಗೆ ಅದರ ಕವಿಯ ಸಮಾಧಿಯ ಬಳಿ ಮತ್ತೆ ಬಳಕೆಗೆ ಬಂದಿದೆ.

ಪ್ರಶಸ್ತಿ ಮತ್ತು ಗೌರವಗಳು

1969: ಆಫ್ರೋ-ಏಷ್ಯನ್ ಲೇಖಕರ ಸಂಘದ ಲೋಟಸ್ ಪ್ರಶಸ್ತಿ
1983: ಸೋವಿಯತ್ ಒಕ್ಕೂಟದ ಲೆನಿನ್ ಶಾಂತಿ ಪ್ರಶಸ್ತಿ
1993: ಫ್ರಾನ್ಸ್ ಸರ್ಕಾರದ ಕಲೆ ಮತ್ತು ಸಾಹಿತ್ಯ ಪುರಸ್ಕಾರ
2001: ಅಮೆರಿಕದ ಲ್ಯಾನನ್ ಪ್ರತಿಷ್ಠಾನದ ಸಾಂಸ್ಕೃತಿಕ ಸ್ವಾತಂತ್ರ್ಯ ಪ್ರಶಸ್ತಿ
2004: ನೆದರ್‌ಲ್ಯಾಂಡ್ಸ್‌ನ ಪ್ರಿನ್ಸ್ ಕ್ಲಾಸ್ ಪ್ರಶಸ್ತಿ
2007: ಮ್ಯಾಸಿಡೋನಿಯಾದ ಸ್ತ್ರೂಗಾ ಕಾವ್ಯೋತ್ಸವದ ಸ್ವರ್ಣಮಾಲೆ

ಪ್ರಮುಖ ಕೃತಿಗಳು

ಕವನ ಸಂಕಲನಗಳು: ಆಲಿವ್ ಎಲೆಗಳು (1964), ಪ್ಯಾಲೆಸ್ಟೀನಿನ ಪ್ರೇಮಿ (1966), ಇರುಳಿನ ಕೊನೆ (1967), ಎತ್ತರದ ನೆರಳಿನ ಸ್ತುತಿ (1983), ಕಡಿಮೆ ಗುಲಾಬಿಗಳು (1986), ಹನ್ನೊಂದು ಗ್ರಹಗಳು (1992), ಕುದುರೆಯನ್ನೇಕೆ ಒಂಟಿಯಾಗಿ ಬಿಟ್ಟೆ (1995), ಅಪರಿಚಿತೆಯ ಹಾಸಿಗೆ (1999), ಭಿತ್ತಿಚಿತ್ರ (2000), ಮುತ್ತಿಗೆಯ ಸ್ಥಿತಿ (2002), ಬಾದಾಮಿ ಹೂವಿನಂತೆ ಅಥವಾ ಅದಕ್ಕೂ ಆಚೆ (2005).

ಗದ್ಯ ಮತ್ತು ಮಿಶ್ರ ಕೃತಿಗಳು: ಮರೆವಿಗಾಗಿ ನೆನಪು, ಗೈರುಹಾಜರಿಯ ಸಮ್ಮುಖದಲ್ಲಿ (2006), ಚಿಟ್ಟೆಯ ಹೆಜ್ಜೆಗುರುತು (2008).